ಮೊದ್ಲು ಅರ್ತಿಂಗ್ ನೋಡಿ, ಮಾನಿಟರ್ ಆಮೇಲೆ ಎಣಿಸೋಣ

ಮಳೆಗಾಲ ಹತ್ರ ಬಂತು ಅಂದ್ರೆ ಕಂಪ್ಯೂಟರ್ ಬಗ್ಗೆ ನಮಗೆ ಬರೋ ಪತ್ರಗಳೇ ಬೇರೆ ಥರ ಆಗ್ತವೆ. ಈ ಸಲ ಮನೇಲೇ ಕೂತು ಶೇರ್ ಟ್ರೇಡಿಂಗ್ ಮಾಡೋರ ಪ್ರಶ್ನೆ ಜಾಸ್ತಿ ಬಂದಿದೆ, ಅದಕ್ಕೆ ಈ ಕಂತು ಪೂರ್ತಿ ಅವರಿಗೇ ಬಿಟ್ಟಿದೀನಿ. ಪ್ರಿಂಟರ್ ಇಂಕ್ ಬಗ್ಗೆ ಕೇಳಿದೋರು ಮುಂದಿನ ಸಲದವರೆಗೆ ಸ್ವಲ್ಪ ತಡ್ಕೊಳ್ಳಿ.

ಪ್ರಶ್ನೆ: ಸಾರ್, ನಮ್ಮನೆ ತೀರ್ಥಹಳ್ಳಿಯಿಂದ ಆಗುಂಬೆ ಕಡೆ ಹೋಗೋ ರಸ್ತೆಯಿಂದ ನಾಲ್ಕು ಕಿಲೋಮೀಟರ್ ಒಳಗೆ. ಮೂರು ಎಕರೆ ಅಡಿಕೆ ತೋಟ. ಬೆಂಗಳೂರಿನ ಕೆಲಸ ಬಿಟ್ಟು ಬಂದು ಎರಡು ವರ್ಷ ಆಯ್ತು, ಬೆಳಗ್ಗೆ ತೋಟಕ್ಕೆ ಒಂದು ಸುತ್ತು ಹೋಗಿ ಬಂದು ಮಾರ್ಕೆಟ್ ತೆಗೆಯೋ 9.15ಕ್ಕೆ ಕೂತ್ರೆ ಊಟದವರೆಗೂ ಇಂಟ್ರಾಡೇ (ಅವತ್ತೇ ಕೊಂಡು ಅವತ್ತೇ ಮಾರೋದು) ಮಾಡ್ತೀನಿ. ಹಳೇ ಲ್ಯಾಪ್‌ಟಾಪ್ ಸತ್ತೋಯ್ತು. ಶಿವಮೊಗ್ಗದ ಒಂದು ಅಂಗಡಿಯಲ್ಲಿ ಕೇಳಿದ್ದಕ್ಕೆ ಐ7 ಪ್ರೊಸೆಸರ್, 32 ಜಿಬಿ ರ‍್ಯಾಮ್, ಗ್ರಾಫಿಕ್ಸ್ ಕಾರ್ಡ್, ಸ್ಟ್ಯಾಂಡ್ ಸಮೇತ ನಾಲ್ಕು ಮಾನಿಟರ್ ಅಂತ ಬರೆದು ಒಂದೂ ಮುಕ್ಕಾಲು ಲಕ್ಷ ಹೇಳಿದ್ರು. ನನ್ನ ಹತ್ರ ಇರೋದು 80 ಸಾವಿರ. ಉಳಿದದ್ದಕ್ಕೆ ಇಎಂಐ ಮಾಡ್ಲಾ? ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟು ದಿನಕ್ಕೆ ಹತ್ತು ಸಲ ಹೋಗ್ತದೆ, ಅದೂ ಒಂದು ತಲೆಬಿಸಿ.

ಉತ್ತರ: ಇಎಂಐ ಬೇಡ ಮಾರಾಯ್ರೆ. ಆ ಚೀಟಿ ಬರೆದೋರು ನಿಮಗೆ ಗೇಮ್ ಆಡೋ ಮಷಿನ್ ಲೆಕ್ಕ ಕೊಟ್ಟಿದಾರೆ. ನಿಮಗೆ ನಿಜವಾಗಿ ತಲೆಬಿಸಿ ಆಗ್ಬೇಕಾದ ವಿಷಯ ನಿಮ್ಮ ಪತ್ರದ ಕೊನೇ ಸಾಲಲ್ಲಿದೆ, ಅದನ್ನೇ ನೀವು 'ಅದೂ ಒಂದು' ಅಂತ ಬರ್ದಿದೀರಿ.

ಮೊದ್ಲು ಕಂಪ್ಯೂಟರ್ ಕಥೆ ಬೇಗ ಮುಗಿಸ್ತೀನಿ. ಟ್ರೇಡಿಂಗ್ ಅಂದ್ರೆ ನಿಮ್ಮ ಮಷಿನ್ ಮಾಡೋ ಕೆಲಸ ಎಂತ? ಬ್ರೌಸರಲ್ಲಿ ಏಳೆಂಟು ಟ್ಯಾಬ್ ತೆಗೆದಿಟ್ಟು, ಚಾರ್ಟ್ ಬರೆದು, ಸೆಕೆಂಡಿಗೆ ನಾಲ್ಕು ಸಲ ರೇಟು ಬದಲಾಯಿಸಿ ತೋರಿಸೋದು, ಅಷ್ಟೇ. ಇದಕ್ಕೆ ಆರು ಕೋರಿನ ಐ5 ಅಥವಾ ರೈಜನ್ 5 ಧಾರಾಳ ಸಾಕು. ರ‍್ಯಾಮ್ ಮಾತ್ರ 16 ಜಿಬಿಗೆ ಕಮ್ಮಿ ಬೇಡ, ಯಾಕಂದ್ರೆ ಬ್ರೌಸರ್ ಅನ್ನೋದು ನಮ್ಮ ಮನೆ ಎಮ್ಮೆ ಇದ್ದ ಹಾಗೆ, ಎಷ್ಟು ಹಾಕಿದ್ರೂ ತಿಂತದೆ. 512 ಜಿಬಿ ಎನ್‌ವಿಎಂಇ ಎಸ್‌ಎಸ್‌ಡಿ ಒಂದು. ಗ್ರಾಫಿಕ್ಸ್ ಕಾರ್ಡ್ ಬೇಡವೇ ಬೇಡ, ಪ್ರೊಸೆಸರ್ ಒಳಗೇ ಇರೋದು ಎರಡು ಮಾನಿಟರನ್ನ ಆರಾಮಾಗಿ ಎಳೀತದೆ. ಇಲ್ಲೊಂದು ಹುಷಾರು: ಇಂಟೆಲ್ ಪ್ರೊಸೆಸರ್ ನಂಬರ್ ಕೊನೇಲಿ 'ಎಫ್' ಅಂತ ಇದ್ರೆ, ಅಂದ್ರೆ 12400 ಬದ್ಲು 12400ಎಫ್ ಅಂತಿದ್ರೆ, ಅದ್ರಲ್ಲಿ ಗ್ರಾಫಿಕ್ಸ್ ಇರೋದಿಲ್ಲ, ಸಾವಿರ ಎರಡು ಸಾವಿರ ಕಮ್ಮಿ ಆಗ್ತದೆ ಅಂತ ತಂದ್ರೆ ಮನೇಲಿ ಪರದೆ ಮೇಲೆ ಎಂತದೂ ಬರಲ್ಲ, ಆಮೇಲೆ ಕಾರ್ಡ್ ತಗೊಳ್ಳೋಕೆ ಮತ್ತೆ ಬಸ್ ಹತ್ಬೇಕು. ರೈಜನ್ 5ರಲ್ಲೂ ಕೆಲವಕ್ಕೆ ಗ್ರಾಫಿಕ್ಸ್ ಇರಲ್ಲ, ಕೇಳಿಯೇ ತಗೊಳ್ಳಿ. ದುಡ್ಡು ಕೊಡೋ ಮೊದ್ಲು ಮದರ್‌ಬೋರ್ಡ್ ಹಿಂಭಾಗ ತಿರುಗಿಸಿ ನೋಡಿ, ಎಚ್‌ಡಿಎಂಐ ಒಂದು, ಡಿಸ್‌ಪ್ಲೇ ಪೋರ್ಟ್ ಒಂದು ಇರ್ಬೇಕು. ಕೆಲವು ಅಗ್ಗದ ಬೋರ್ಡಲ್ಲಿ ಎಚ್‌ಡಿಎಂಐ ಜೊತೆ ಹಳೇ ಕಾಲದ ನೀಲಿ ವಿಜಿಎ ಕಿಂಡಿ ಕೊಟ್ಟಿರ್ತಾರೆ. 2025ರ ಕೊನೆಯಿಂದ ರ‍್ಯಾಮ್ ರೇಟು ನಮ್ಮ ರಾಶಿ ಅಡಿಕೆ ರೇಟಿನ ಹಾಗೆ ಹಾರಾಡ್ತಾ ಇದೆ, ಹಾಗಾಗಿ ರೂಪಾಯಿ ಲೆಕ್ಕ ನಾನು ಬರೆಯಲ್ಲ, ದುರ್ಗಿಗುಡಿಲಿ ಎರಡು ಅಂಗಡಿ, ನೆಹರೂ ರಸ್ತೆಲಿ ಒಂದು ಅಂಗಡಿ ವಿಚಾರಿಸಿ.

ಮಾನಿಟರ್ ಎರಡು. 24 ಇಂಚು, ಫುಲ್ ಎಚ್‌ಡಿ, ಐಪಿಎಸ್ ಪ್ಯಾನೆಲ್. ಒಂದ್ರಲ್ಲಿ ಚಾರ್ಟ್, ಇನ್ನೊಂದ್ರಲ್ಲಿ ಆರ್ಡರ್ ಕಿಟಕಿ ಮತ್ತೆ ಪೊಸಿಷನ್, ಅಂದ್ರೆ ಇನ್ನೂ ಮುಚ್ಚದೆ ಇರೋ ವ್ಯವಹಾರ. ನಾಲ್ಕು ಮಾನಿಟರ್ ಫೋಟೋದಲ್ಲಿ ಚೆನ್ನಾಗಿ ಕಾಣ್ತದೆ, ಎದುರಿಗೆ ಕೂತ್ರೆ ಕುತ್ತಿಗೆ ನೋವು ಗ್ಯಾರಂಟಿ.

ಇಷ್ಟಕ್ಕೆ ಕಂಪ್ಯೂಟರ್ ಮಾತು ಮುಗೀತು. ಈಗ ಕರೆಂಟಿಗೆ ಬರೋಣ. ಶರಾವತಿ ನೀರಿಂದ ಕರೆಂಟು ಹುಟ್ಟೋದು ನಮ್ಮ ಜಿಲ್ಲೇಲೇ, ಲಿಂಗನಮಕ್ಕಿ ಅಣೆಕಟ್ಟು ಕಟ್ಟಿ ಮುಗಿಸಿದ್ದು 1964ರಲ್ಲಿ, ಇಷ್ಟು ವರ್ಷ ಆದ್ರೂ ಅದಕ್ಕೆ ನಿಮ್ಮ ಮನೆ ದಾರಿ ಸರಿಯಾಗಿ ಗೊತ್ತಾದಂಗಿಲ್ಲ. ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್ ಮೇಲೆ ಮಳೆ ಬೀಳೋ ಆಗುಂಬೆ ಪಕ್ಕ ಕೂತು ಲೈನ್ ಮೇಲೆ ಮರ ಬೀಳ್ಬಾರ್ದು ಅಂದ್ರೆ ಆಗ್ತದಾ.

ನಿಮ್ಮ 80 ಸಾವಿರದಲ್ಲಿ 20-25 ಸಾವಿರ ಕರೆಂಟಿಗೇ ಅಂತ ಮೊದ್ಲೇ ತೆಗೆದಿಡಿ. ಈಗ ಮನೇಲಿ ಒಂದು ಪರೀಕ್ಷೆ ಮಾಡಿ. ಯಾವ್ದಾದ್ರೂ ಕಂಪ್ಯೂಟರ್ ಆನ್ ಇರ್ಬೇಕಾದ್ರೆ ಬರಿಗಾಲಲ್ಲಿ ನೆಲದ ಮೇಲೆ ನಿಂತು, ಕ್ಯಾಬಿನೆಟ್ಟಿನ ಹಿಂದಿನ ತಗಡಿನ ಭಾಗವನ್ನ ಮುಂಗೈ ಹಿಂಬದಿಯಿಂದ ಸುಮ್ನೆ ಸವರಿ ಅಂತ ನಾನು ಹೇಳಲ್ಲ, ಆದ್ರೆ ನಿಮಗೆ ಯಾವತ್ತಾದ್ರೂ ಹಾಗೆ ತಾಗಿ ಕೈಯಲ್ಲಿ ಜುಂ ಅಂದಿದ್ರೆ ಅದು ಅರ್ತಿಂಗ್ (ಸೋರಿದ ಕರೆಂಟನ್ನ ನೆಲಕ್ಕೆ ಇಳಿಸೋ ವ್ಯವಸ್ಥೆ) ಇಲ್ಲ ಅನ್ನೋದರ ಗುರುತು. ಎಷ್ಟೋ ಮನೇಲಿ ಮೂರು ಕಾಲಿನ ಪ್ಲಗ್ ಇರ್ತದೆ, ಮೂರನೇ ಕಿಂಡಿ ಹಿಂದೆ ವೈರೇ ಇರಲ್ಲ. ಎಲೆಕ್ಟ್ರಿಷಿಯನ್ ಕರೆಸಿ ನ್ಯೂಟ್ರಲ್ಲಿಗೂ ಅರ್ತಿಗೂ ನಡುವೆ ಮೀಟರ್ ಹಿಡಿಸಿ, ಎರಡು ಮೂರು ವೋಲ್ಟ್ ಒಳಗಿದ್ರೆ ಪರವಾಗಿಲ್ಲ, ಅದಕ್ಕಿಂತ ಜಾಸ್ತಿ ತೋರಿಸಿದ್ರೆ ಅಂಗಳದ ಮೂಲೇಲಿ ಗುಂಡಿ ತೆಗೆಸಿ ಇದ್ದಿಲು ಉಪ್ಪು ಹಾಕಿ ಹೊಸದಾಗಿ ಅರ್ತ್ ಮಾಡಿಸಿ. ಇನ್ನೊಂದು ಮಜಾ ಏನಂದ್ರೆ ಮಳೆಗಾಲದಲ್ಲಿ ನೆಲ ಒದ್ದೆ ಇರೋದ್ರಿಂದ ಅರ್ತ್ ಚೆನ್ನಾಗೇ ಇರ್ತದೆ, ಕೈ ಕೊಡೋದು ಏಪ್ರಿಲ್-ಮೇ ತಿಂಗಳಲ್ಲಿ, ಮಣ್ಣು ಒಣಗಿ ಕಲ್ಲಾಗಿರೋವಾಗ, ಗುಡುಗು ಸಿಡಿಲು ಜಾಸ್ತಿ ಬರೋದೂ ಸರಿಯಾಗಿ ಅವಾಗ್ಲೇ. ಬೇಸಿಗೇಲಿ ಆ ಗುಂಡಿಗೆ ವಾರಕ್ಕೆರಡು ಸಲ ಒಂದೊಂದು ಕೊಡ ನೀರು ಹೊಯ್ಯಿರಿ.

ಸಿಡಿಲಿನ ವಿಷಯ ನನಗೆ ಯಾರೂ ಹೇಳಿಕೊಡ್ಬೇಕಾಗಿಲ್ಲ. ಒಂದ್ಸಲ ಗುಡುಗು ಶುರು ಆದ ಕೂಡ್ಲೇ ನಾನು ಬಲು ಜಾಣನ ಹಾಗೆ ಕಂಪ್ಯೂಟರ್ ಪ್ಲಗ್, ಯುಪಿಎಸ್ ಪ್ಲಗ್ ಎಲ್ಲ ಕಿತ್ತಿಟ್ಟು ಜಗಲೀಲಿ ಕೂತು ಕಾಫಿ ಕುಡೀತಿದ್ದೆ. ರೂಟರ್ ಪ್ಲಗ್ ಹಾಗೇ ಇತ್ತು, ರೂಟರಿಂದ ಕಂಪ್ಯೂಟರಿಗೆ ಹೋದ ಲ್ಯಾನ್ ಕೇಬಲ್ಲೂ ಹಾಗೇ ಇತ್ತು. ತೋಟದ ಆಚೆ ಎಲ್ಲೋ ಹೊಡೀತು. ರೂಟರ್ ಕರಕಲು, ಆ ಕೇಬಲ್ ಹಿಡ್ಕೊಂಡು ಬಂದು ಮದರ್‌ಬೋರ್ಡಿನ ಲ್ಯಾನ್ ಕಿಂಡಿಯನ್ನೂ ಸುಟ್ಟಿತ್ತು. ಪುಣ್ಯಕ್ಕೆ ಉಳಿದದ್ದು ಉಳೀತು. ಫೈಬರ್ ಅಂದ್ರೆ ಗಾಜಿನ ಎಳೆ, ಅದರಲ್ಲಿ ಸಿಡಿಲು ಹರಿಯಲ್ಲ ನಿಜ, ಆದ್ರೆ ಕಂಬದಿಂದ ಮನೆಗೆ ಎಳೆಯೋ ಆ ಕರೀ ಕೇಬಲ್ಲಿನ ಜೊತೆ ಸಾಮಾನ್ಯವಾಗಿ ಒಂದು ಸ್ಟೀಲ್ ತಂತಿ ಇರ್ತದೆ, ಅದನ್ನ ಗೋಡೆ ಹೊರಗೇ ಕತ್ತರಿಸಿ ಕೊಕ್ಕೆಗೆ ಕಟ್ಟೋಕೆ ಹೇಳಿ, ಒಳಗೆ ರೂಟರ್ ತನಕ ತರ್ಬೇಡಿ.

ಯುಪಿಎಸ್ ಬಗ್ಗೆ. ಅಂಗಡೀಲಿ ಸಿಗೋ 600 ವಿಎ ಡಬ್ಬಿಯಲ್ಲಿರೋದು 12 ವೋಲ್ಟ್ 7 ಆಂಪಿಯರ್-ಅವರಿನ ಪುಟ್ಟ ಬ್ಯಾಟರಿ. ಸಾಧಾರಣ ಕಂಪ್ಯೂಟರ್ ಮತ್ತು ಎರಡು ಮಾನಿಟರ್ ಸೇರಿ 110-120 ವ್ಯಾಟ್ ಎಳೆದ್ರೆ ಹೊಸತರಲ್ಲಿ ಹದಿನೈದು ಇಪ್ಪತ್ತು ನಿಮಿಷ ಬರ್ತದೆ, ಎರಡು ವರ್ಷ ಆದ್ಮೇಲೆ ಐದೇ ನಿಮಿಷ. ಅದು ಪೊಸಿಷನ್ ಮುಚ್ಚಿ ಎದ್ದು ಹೋಗೋಕೆ, ಕೂತು ಟ್ರೇಡ್ ಮಾಡೋಕಲ್ಲ. ಗಂಟೆಗಟ್ಲೆ ಬೇಕು ಅಂದ್ರೆ 150 ಆಂಪಿಯರ್-ಅವರ್ ಬ್ಯಾಟರಿ ಇರೋ ಇನ್ವರ್ಟರ್ರೇ ದಾರಿ. ಮನೇಲಿ ಈಗಾಗ್ಲೇ ಇನ್ವರ್ಟರ್ ಇದ್ರೆ ಅದು ಪ್ಯೂರ್ ಸೈನ್ ವೇವಾ, ಅಂದ್ರೆ ಲೈನ್ ಕರೆಂಟಿನ ಹಾಗೇ ನಯವಾದ ಕರೆಂಟು ಕೊಡೋದಾ ಅಂತ ನೋಡಿ. ಹಳೇ ಸ್ಕ್ವೇರ್ ವೇವ್ ಆದ್ರೆ ಫ್ಯಾನ್ ಗುಂಯ್ ಅಂತ ಸದ್ದು ಮಾಡ್ತದೆ, ಅದಕ್ಕೆ ಯುಪಿಎಸ್ ಸಿಕ್ಕಿಸಿದ್ರೆ ಯುಪಿಎಸ್ಸಿಗೆ ಆ ಕರೆಂಟು ಹಿಡಿಸದೆ ಟಕ್ ಟಕ್ ಅಂತ ಬಡ್ಕೊಂಡು, ಇನ್ವರ್ಟರ್ ಬದಿಗಿಟ್ಟು ತನ್ನ ಬ್ಯಾಟರಿಯನ್ನೇ ಖಾಲಿ ಮಾಡ್ತದೆ, ಇದನ್ನ ನೋಡಿ ಎಷ್ಟೋ ಜನ ಯುಪಿಎಸ್ ಹಾಳಾಯ್ತು ಅಂತ ಹೊತ್ಕೊಂಡು ಬರ್ತಾರೆ. ಸೈನ್ ವೇವ್ ಇದ್ರೆ ಹಿಂದೆ ಒಂದು ಸಣ್ಣ ಸ್ವಿಚ್ ಇರ್ತದೆ, ಅದನ್ನ ಯುಪಿಎಸ್ ಮೋಡಿಗೆ ಹಾಕಿ, ಆಗ ಕರೆಂಟು ಹೋದ್ರೂ ಕಂಪ್ಯೂಟರ್ ರೀಸ್ಟಾರ್ಟ್ ಆಗದ ಹಾಗೆ ಬೇಗ ಬದಲಾಗ್ತದೆ. ಅದ್ರ ಮೇಲೂ ಆ ಸಣ್ಣ ಯುಪಿಎಸ್ ಇರ್ಲಿ, ಪಂಪ್‌ಸೆಟ್ ಶುರು ಆದಾಗ ವೋಲ್ಟೇಜ್ ಇಳಿಯೋದನ್ನ ಅದು ತಡ್ಕೊಳ್ತದೆ. ಇನ್‌ಪುಟ್ 140ರಿಂದ 300 ವೋಲ್ಟ್ ಅಂತ ಬರ್ದಿರೋದು ತಗೊಳ್ಳಿ.

ಇನ್ನು ಕರೆಂಟು ಹೋದಾಗ ಕಂಪ್ಯೂಟರ್ ನಡೀತಿರ್ತದೆ, ರೂಟರ್ ಆಫ್ ಆಗಿರ್ತದೆ. ಇದನ್ನ ಯಾರೂ ಯೋಚ್ನೆ ಮಾಡಲ್ಲ. ಸಾಮಾನ್ಯವಾಗಿ ರೂಟರ್ 12 ವೋಲ್ಟಿನದು, ಅದಕ್ಕೆ ಅಂತಲೇ ಅಂಗೈ ಅಗಲದ ರೂಟರ್ ಯುಪಿಎಸ್ ಸಿಗ್ತದೆ, ಮೂರು ನಾಲ್ಕು ಗಂಟೆ ಎಳೀತದೆ. ಇಡೀ ಸೆಟಪ್ಪಲ್ಲಿ ಕೊಟ್ಟ ದುಡ್ಡಿಗೆ ಅತಿ ಹೆಚ್ಚು ಉಪಯೋಗ ಬರೋ ಸಾಮಾನು ಇದೇ. ಫೈಬರ್ರೇ ಕಡಿದು ಬಿದ್ರೆ ಮೊಬೈಲ್ ಹಾಟ್‌ಸ್ಪಾಟ್, ಅದು ಫೈಬರ್ ಕೊಟ್ಟ ಕಂಪನಿಯದ್ದೇ ಆಗಿರ್ಬಾರ್ದು. ನಿಮ್ಮನೆ ಹಿತ್ತಲಲ್ಲಿ ಯಾವ ಸಿಮ್ಮಿಗೆ ಎರಡು ಕಡ್ಡಿ ಬರ್ತದೋ ಅದು.

ಒಟಿಪಿ ಬಗ್ಗೆನೂ ಹೇಳ್ಬೇಕು. 2022ರ ಸೆಪ್ಟೆಂಬರ್ ಕೊನೆಯಿಂದ ಟ್ರೇಡಿಂಗ್ ಅಕೌಂಟಿಗೆ ಎರಡು ಹಂತದ ಲಾಗಿನ್ ಕಡ್ಡಾಯ. ನೆಟ್‌ವರ್ಕ್ ಇಲ್ಲದ ಮನೇಲಿ ಎಸ್‌ಎಂಎಸ್ ಒಟಿಪಿ ನಂಬಿದ್ರೆ 9.10ಕ್ಕೆ ಗುಡ್ಡ ಹತ್ಬೇಕು. ಟಿಒಟಿಪಿ ಅಂತ ಇದೆ, ಮೊಬೈಲಿನ ಅಥೆಂಟಿಕೇಟರ್ ಆ್ಯಪಲ್ಲಿ ಮೂವತ್ತು ಸೆಕೆಂಡಿಗೊಮ್ಮೆ ಆರು ಅಂಕಿ ತಾನೇ ಬದಲಾಗ್ತದೆ, ಅದಕ್ಕೆ ಸಿಗ್ನಲ್ಲೇ ಬೇಡ. ಇವತ್ತೇ ಮಾಡ್ಕೊಳ್ಳಿ.

ಇಷ್ಟೆಲ್ಲ ಇದ್ರೂ ಒಂದಿನ ಎಲ್ಲ ಒಟ್ಟಿಗೆ ಕೈ ಕೊಡ್ತದೆ. ಅದಕ್ಕೆ ಸ್ಟಾಪ್‌ಲಾಸನ್ನ (ನಷ್ಟ ಇಷ್ಟಕ್ಕೇ ನಿಲ್ಲಲಿ ಅಂತ ಹೊರಬರೋ ರೇಟು) ಮನಸ್ಸಲ್ಲಿ ಇಟ್ಕೊಳ್ಬೇಡಿ, ಆರ್ಡರ್ ಆಗಿ ಹಾಕಿಡಿ. ಹಾಕಿದ ಸ್ಟಾಪ್‌ಲಾಸ್ ಆರ್ಡರ್ ಎಕ್ಸ್‌ಚೇಂಜಲ್ಲಿ ಕೂತಿರ್ತದೆ, ನಿಮ್ಮ ಕಂಪ್ಯೂಟರಲ್ಲಲ್ಲ, ನಿಮ್ಮನೆ ಕತ್ತಲಾದ್ರೂ ಅದು ತನ್ನ ಪಾಡಿಗೆ ಕೆಲಸ ಮಾಡ್ತದೆ. ಆಪ್ಷನ್ಸ್ (ನಿಗದಿ ರೇಟಿಗೆ ಮುಂದೆ ಕೊಳ್ಳೋ ಅಥವಾ ಮಾರೋ ಹಕ್ಕಿನ ವ್ಯಾಪಾರ) ಮಾಡೋರು ಒಂದು ನೆನಪಿಡ್ಬೇಕು, 2021ರಿಂದ ಶೇರ್ ಎಕ್ಸ್‌ಚೇಂಜ್ ಎನ್‌ಎಸ್‌ಇಲಿ ಆಪ್ಷನ್ಸಿಗೆ ಸಿಕ್ಕ ರೇಟಿಗೆ ಮುಗಿಸೋ ಮಾರ್ಕೆಟ್ ಸ್ಟಾಪ್‌ಲಾಸ್ ಇಲ್ಲ, ಲಿಮಿಟ್ (ಇದಕ್ಕಿಂತ ಕೆಟ್ಟ ರೇಟಿಗೆ ಬೇಡ ಅನ್ನೋ ಗಡಿ) ಇರೋದೇ ಹಾಕ್ಬೇಕು, ಹಾಗಾಗಿ ಟ್ರಿಗರಿಗೂ (ಆರ್ಡರ್ ಎದ್ದೇಳೋ ರೇಟು) ಲಿಮಿಟ್ಟಿಗೂ ನಡುವೆ ಸ್ವಲ್ಪ ಜಾಗ ಬಿಡಿ, ಇಲ್ಲಾಂದ್ರೆ ರೇಟು ಹಾರಿ ದಾಟಿ ಹೋಗಿ ಆರ್ಡರ್ ಅಲ್ಲೇ ನೇತಾಡ್ತಾ ಇರ್ತದೆ. ಬ್ರೋಕರ್ ಫೋನ್ ನಂಬರನ್ನ, ನಿಮ್ಮ ಕ್ಲೈಂಟ್ ಐಡಿಯನ್ನ ಮೊಬೈಲಲ್ಲಿ ಇಟ್ಕೊಂಡಿದ್ರೂ ಒಂದು ಚೀಟೀಲಿ ಬರೆದು ಗೋಡೆಗೆ ಅಂಟಿಸಿ. ಫೋನ್ ಮಾಡಿ ಆರ್ಡರ್ ಹಾಕಿದ್ರೆ ಸ್ವಲ್ಪ ಚಾರ್ಜ್ ಹಿಡೀತಾರೆ, ಹಿಡೀಲಿ ಬಿಡಿ.

ಪ್ರಶ್ನೆ: ಡೆಸ್ಕ್‌ಟಾಪ್ ಒಳ್ಳೇದಾ, ಲ್ಯಾಪ್‌ಟಾಪಿಗೆ ಮಾನಿಟರ್ ಹಾಕ್ಕೊಳ್ಳೋದು ಒಳ್ಳೇದಾ? (ಸಾಗರದಿಂದ)

ಉತ್ತರ: ಮೇಲಿನೋರಿಗೆ ಇಷ್ಟುದ್ದ ಬರೆದ್ಮೇಲೆ ಇದನ್ನ ಹೇಳೋಕೆ ನಾಚಿಕೆ ಆಗ್ತದೆ, ಆದ್ರೂ ನಮ್ಮ ಕಡೆಗೆ ಲ್ಯಾಪ್‌ಟಾಪ್ ಮತ್ತೆ 24 ಇಂಚಿನ ಒಂದು ಮಾನಿಟರ್ರೇ ವಾಸಿ. ಬ್ಯಾಟರಿ ಅದ್ರಲ್ಲೇ ಇರ್ತದೆ, ಕರೆಂಟು ಕಮ್ಮಿ ತಿಂತದೆ, ಗುಡುಗು ಬಂದ್ರೆ ಪ್ಲಗ್ ಕಿತ್ತು ಕೆಲಸ ಮುಂದುವರಿಸ್ಬಹುದು. ಡೆಸ್ಕ್‌ಟಾಪ್ ಬೇಕು ಅನ್ನೋರಿಗೆ ಕಾರಣ ಒಂದೇ, ಹಾಳಾದ್ರೆ ಹಾಳಾದ ಭಾಗ ಮಾತ್ರ ಬದಲಾಯಿಸ್ಬಹುದು, ಲ್ಯಾಪ್‌ಟಾಪಾದ್ರೆ ಇಡೀ ಮಷಿನ್ ಹೊತ್ಕೊಂಡು ಶಿವಮೊಗ್ಗಕ್ಕೆ ಹೋಗ್ಬೇಕು. ತೀರ್ಥಹಳ್ಳಿಯೋರು ಡೆಸ್ಕ್‌ಟಾಪ್ ಅಂತ ತೀರ್ಮಾನ ಮಾಡ್ಕೊಂಡೇ ಬರೆದಂಗಿತ್ತು, ಇದನ್ನೂ ಓದಿಕೊಳ್ಳಲಿ.

ಪ್ರಶ್ನೆ: ನಾನು ರಿಟೈರ್ಡ್ ಮೇಷ್ಟ್ರು, ವಿನೋಬನಗರ. ಮಗ 2014ರಲ್ಲಿ ಕೊಡಿಸಿದ ಐ3 ಕಂಪ್ಯೂಟರ್ ಇದೆ, 4 ಜಿಬಿ ರ‍್ಯಾಮ್, ವಿಂಡೋಸ್ 10. ತಿಂಗಳಿಗೆ ಎರಡು ಮೂರು ಶೇರ್ ತಗೊಂಡು ಇಟ್ಕೊಳ್ಳೋದು ಅಷ್ಟೇ. ಹೊಸದು ಬೇಕೇ?

ಉತ್ತರ: ಮೇಷ್ಟ್ರೇ, ನೀವು ಮಾಡೋದಕ್ಕೆ ಮೊಬೈಲೇ ಸಾಕಾಗ್ತದೆ. ಕಣ್ಣಿಗೆ ದೊಡ್ಡ ಪರದೆ ಬೇಕು ಅಂದ್ರೆ ಹಳೇ ಮಷಿನ್ನಿಗೆ ಒಂದು ಎಸ್‌ಎಸ್‌ಡಿ, ಇನ್ನೊಂದು 4 ಜಿಬಿ ರ‍್ಯಾಮ್ ಹಾಕ್ಸಿ, ಎದ್ದು ಓಡ್ತದೆ. ಆದ್ರೆ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗ್ದಿದೆ, ನಿಮ್ಮ ಪ್ರೊಸೆಸರಿಗೆ ವಿಂಡೋಸ್ 11 ಅಧಿಕೃತವಾಗಿ ಬರಲ್ಲ, ಅದಕ್ಕೆ ಇಂಟೆಲ್ ಆದ್ರೆ ಎಂಟನೇ ಜನರೇಷನ್ ಅಥವಾ ಅದಕ್ಕಿಂತ ಹೊಸದು ಇರ್ಬೇಕು. ಪಕ್ಕದ್ಮನೆ ಹುಡುಗ ಹೇಗೋ ಹಾಕಿಕೊಡ್ತೀನಿ ಅಂದ್ರೆ ದುಡ್ಡಿನ ವ್ಯವಹಾರದ ಮಷಿನ್ನಲ್ಲಿ ಅದು ಬೇಡ. ಲಿನಕ್ಸ್ ಮಿಂಟ್ ಹಾಕ್ಸಿ, ಪುಕ್ಕಟೆ, ಬ್ರೌಸರ್ ಹಾಗೇ ಇರ್ತದೆ, ಬ್ರೋಕರ್ ವೆಬ್‌ಸೈಟೂ ಹಾಗೇ ತೆರ್ಕೊಳ್ತದೆ. ಮೊದಲ ವಾರ ಕನ್ನಡಕ ಬದಲಾಯಿಸಿದ ಹಾಗೆ ಅನ್ಸುತ್ತೆ, ಆಮೇಲೆ ಅಭ್ಯಾಸ ಆಗ್ತದೆ.

ಪ್ರಶ್ನೆ: ನಮ್ಮ ಯಜಮಾನರು ಎರಡು ವರ್ಷದಿಂದ ಆಪ್ಷನ್ಸ್ ಟ್ರೇಡಿಂಗ್ ಮಾಡ್ತಿದಾರೆ. ನಷ್ಟ ಆದಾಗೆಲ್ಲ ಕಂಪ್ಯೂಟರ್ ಸ್ಲೋ, ನೆಟ್ ಸ್ಲೋ ಅಂತಾರೆ. ಈಗ ಎರಡು ಲಕ್ಷದ ಸೆಟಪ್ ಬೇಕಂತೆ, ನನ್ನ ಬಳೆ ಅಡ ಇಡೋ ಮಾತು ಬಂದಿದೆ. ಫಾಸ್ಟ್ ಕಂಪ್ಯೂಟರ್ ಇದ್ರೆ ನಿಜವಾಗ್ಲೂ ಲಾಭ ಬರುತ್ತಾ ಅಣ್ಣ? (ಹೊಸನಗರ ತಾಲ್ಲೂಕು)

ಉತ್ತರ: ಇಲ್ಲ ಅಕ್ಕ. ಬಳೆ ಕೈಯಲ್ಲೇ ಇರ್ಲಿ.

ನಿಮ್ಮನೆಯಿಂದ ಒತ್ತಿದ ಆರ್ಡರ್ ಮೊದ್ಲು ಬ್ರೋಕರ್ ಸರ್ವರಿಗೆ ಹೋಗಿ, ಅಲ್ಲಿಂದ ಮುಂಬೈ ಎಕ್ಸ್‌ಚೇಂಜಿಗೆ ಹೋಗ್ಬೇಕು. ದೊಡ್ಡ ಕಂಪನಿಗಳು ತಮ್ಮ ಸರ್ವರನ್ನ ಎಕ್ಸ್‌ಚೇಂಜಿನ ಜಾಗದಲ್ಲೇ ಬಾಡಿಗೆಗೆ ಇಟ್ಟಿರ್ತಾರೆ, ಅವರ ಆರ್ಡರ್ ಹಾಕೋದು ಮನುಷ್ಯರಲ್ಲ, ಪ್ರೋಗ್ರಾಮು. ಹೊಸನಗರದಲ್ಲಿ ಕೂತು ಎಷ್ಟು ಲಕ್ಷದ ಕಂಪ್ಯೂಟರ್ ತಂದ್ರೂ ಆ ಓಟದಲ್ಲಿ ಸೇರೋಕಾಗಲ್ಲ. ಶೇರ್ ಮಾರ್ಕೆಟ್ಟಿನ ನಿಯಂತ್ರಣ ಸಂಸ್ಥೆ ಸೆಬಿಯವರೇ 2024ರ ಸೆಪ್ಟೆಂಬರಲ್ಲಿ ಲೆಕ್ಕ ಹೊರಗಿಟ್ಟಿದಾರೆ: 2021-22ರಿಂದ ಮೂರು ಹಣಕಾಸು ವರ್ಷದಲ್ಲಿ ಷೇರಿನ ಫ್ಯೂಚರ್ಸ್ ಆಪ್ಷನ್ಸ್ ಮಾಡಿದ ಸಾಮಾನ್ಯ ಜನರಲ್ಲಿ ನೂರಕ್ಕೆ 93 ಮಂದಿಗೆ ನಷ್ಟ, ಎಲ್ಲ ಸೇರಿ 1.8 ಲಕ್ಷ ಕೋಟಿ ರೂಪಾಯಿ ಮೇಲೆ. ಇಷ್ಟು ಜನರ ಮನೇಲೂ ಕಂಪ್ಯೂಟರ್ ಸ್ಲೋ ಇತ್ತು ಅಂತ ನಂಬೋಕಾಗ್ತದಾ?

ಜಗಳ ಮಾಡ್ಬೇಡಿ. ಬ್ರೋಕರ್ ವೆಬ್‌ಸೈಟಲ್ಲಿ ಪಿ ಆ್ಯಂಡ್ ಎಲ್ ರಿಪೋರ್ಟ್ ಅಂತ ಲಾಭ-ನಷ್ಟದ ಲೆಕ್ಕ ಸಿಗ್ತದೆ, ಚಾರ್ಜ್‌ಗಳೂ ಸೇರಿ ಎರಡು ವರ್ಷದ್ದು ಇಳಿಸಿಕೊಡಿ ಅಂತ ಕೇಳಿ, ಪ್ರಿಂಟ್ ತೆಗೆಸಿ ಇಬ್ರೂ ಕೂತು ನೋಡಿ. ನೆಟ್ ಸ್ಲೋ ಆಗಿ ಹೋದದ್ದು ಎಷ್ಟು, ಬೇರೆ ಕಾರಣಕ್ಕೆ ಹೋದದ್ದು ಎಷ್ಟು ಅಂತ ಅವರೇ ಪೆನ್ನಲ್ಲಿ ಗುರುತು ಹಾಕ್ಲಿ. ಮತ್ತೊಂದು ಕೇಳಿಟ್ಕೊಳ್ಳಿ, ವಾಟ್ಸಾಪ್ ಗುಂಪಲ್ಲೋ ಟೆಲಿಗ್ರಾಂ ಗುಂಪಲ್ಲೋ ಯಾರಾದ್ರೂ ಟ್ರೇಡಿಂಗ್ ಆ್ಯಪ್ ಕಳ್ಸಿ ಇದನ್ನ ಹಾಕ್ಕೊಳ್ಳಿ ಅಂದಿದಾರಾ, ಕಂಪ್ಯೂಟರ್ ಪರದೆ ಹಂಚಿಕೊಳ್ಳಿ ಅಂದಿದಾರಾ ಅಂತ. ಹೌದು ಅಂದ್ರೆ ಅದು ನಷ್ಟ ಅಲ್ಲ, ಮೋಸ, ತಡ ಮಾಡ್ದೆ ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಪ್ರಶ್ನೆ: ಮಳೆಗಾಲದಲ್ಲಿ ಕಂಪ್ಯೂಟರ್ ಬೂಸ್ಟು ಹಿಡಿಯುತ್ತೆ, ಹೋದ ವರ್ಷ ಹಲ್ಲಿ ಒಳಗೆ ಹೋಗಿ ಸುಟ್ಟೇ ಹೋಯ್ತು. ಟ್ರೇಡಿಂಗ್ ಇಲ್ಲದ ದಿನ ಪ್ಲಾಸ್ಟಿಕ್ ಕವರ್ ಹಾಕಿ ಇಡ್ತೀವಿ. (ಕೊಪ್ಪದಿಂದ)

ಉತ್ತರ: ಆ ಪ್ಲಾಸ್ಟಿಕ್ಕೇ ಶತ್ರು, ಮೊದ್ಲು ತೆಗೀರಿ, ಒಳಗಿನ ತೇವ ಒಳಗೇ ಉಳೀತದೆ. ಹಳೇ ಪಂಚೆ ಹೊದೆಸಿ. ಜೂನಿಂದ ಸೆಪ್ಟೆಂಬರ್ ತನಕ ಕೆಲಸ ಇರ್ಲಿ ಬಿಡ್ಲಿ, ಶನಿವಾರ ಭಾನುವಾರ ಕೂಡ, ದಿನಕ್ಕೊಂದು ಗಂಟೆ ಆನ್ ಮಾಡಿಡಿ, ಅದರ ಬಿಸಿಗೇ ಒಣಗ್ತದೆ. ಕ್ಯಾಬಿನೆಟ್ ನೆಲದ ಮೇಲೆ ಬೇಡ, ಗೋಡೆಗೆ ತಾಗಿಸೋದೂ ಬೇಡ, ಒಂದು ಗೇಣು ಬಿಟ್ಟು ಮೇಜಿನ ಮೇಲೆ ಇಡಿ. ಅಡಿಕೆ ಬೇಯಿಸೋ ಒಲೆ ಹೊಗೆ, ಸುಲಿಯೋ ಕಡೆಯ ಧೂಳು ಬರೋ ಕೋಣೆ ಆದ್ರೆ ಬೇರೆ ಕೋಣೆ ನೋಡಿ. ಹಲ್ಲಿ ಬರೋದು ಬಿಸಿಗೆ ಮತ್ತೆ ಅಲ್ಲಿ ಸೇರೋ ಹುಳಕ್ಕೆ. ಹಿಂದೆ ಕಾರ್ಡ್ ಹಾಕೋ ಜಾಗದ ತಗಡಿನ ಪಟ್ಟಿ ಬಿಚ್ಚಿ ಹೋಗಿರ್ತದಲ್ಲ, ಅದೇ ಅದರ ಹೆಬ್ಬಾಗಿಲು. ಪಟ್ಟಿ ಸಿಕ್ಕದಿದ್ರೆ ಸೊಳ್ಳೆ ಜಾಲರಿ ತುಂಡು ಕತ್ತರಿಸಿ ಒಳಗಡೆಯಿಂದ ಟೇಪ್ ಹಾಕಿ. ನೈಲಾನ್ ಜಾಲರಿನೇ ಆಗಿರ್ಲಿ, ತಂತಿದು ಬೇಡ, ಅದು ಕಳಚಿ ಬೋರ್ಡ್ ಮೇಲೆ ಬಿದ್ರೆ ಹಲ್ಲಿ ಮಾಡಿದ ಕೆಲಸವನ್ನೇ ಅದೂ ಮಾಡ್ತದೆ.